ಪೋರ್ಟ್‌ಫೋಲಿಯೋ ತೋರಿಸುವಾಗ ಎಷ್ಟು ಮಾತಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ಮುಂಜಿ, ಗೃಹಪ್ರವೇಶ ಅಂತ ಫೋಟೋ ತೆಗೆಯುತ್ತಾ ಬಂದವನು ನಾನು. ಬಿಡುವಿದ್ದಾಗ ಮಲೆನಾಡಿನ ಊರೂರು ಸುತ್ತಿ ನನ್ನ ಖುಷಿಗೆ ತೆಗೆದದ್ದೂ ಉಂಟು. ಈಗ ಕೆಲವು ವರ್ಷಗಳಿಂದ ಹುಡುಗ ಹುಡುಗಿಯರು ಫೋಟೋ ಹಿಡಿದುಕೊಂಡು ಬರುತ್ತಾರೆ. ‘ಸರ್, ಪೋರ್ಟ್‌ಫೋಲಿಯೋ ಮಾಡಿದ್ದೀನಿ, ಒಂದ್ಸಲ ನೋಡಿ’ ಅಂತಾರೆ. ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಅವೇ. ಪ್ರತಿ ಸಲ ಅದನ್ನೇ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಬರೆದಿಟ್ಟಿದ್ದೇನೆ.

ಪೋರ್ಟ್‌ಫೋಲಿಯೋ ಅಂದ್ರೆ ನನ್ನ ಒಳ್ಳೆಯ ಫೋಟೋಗಳನ್ನೆಲ್ಲ ಒಂದು ಕಡೆ ಸೇರಿಸೋದು ತಾನೇ?

ಅಲ್ಲ. ಹಾಗೆ ಸೇರಿಸಿದರೆ ಅದು ನಿಮ್ಮ ಮನೆಯ ಆಲ್ಬಮ್ ಆಗುತ್ತದೆ. ಪೋರ್ಟ್‌ಫೋಲಿಯೋ ಇನ್ನೊಬ್ಬರಿಗೆ ತೋರಿಸಲಿಕ್ಕೆ ಮಾಡುವಂಥದ್ದು. ಹಾಗಾಗಿ ಮೊದಲು ಯಾರಿಗೆ ತೋರಿಸುತ್ತೀರಿ ಅನ್ನೋದು ಗೊತ್ತಾಗಬೇಕು.

ಮಗಳ ಮದುವೆಗೆ ಫೋಟೋದವರನ್ನು ಹುಡುಕುತ್ತಿರುವ ತಂದೆಗೆ ಬೇಕಾದದ್ದು ಎರಡೇ. ನಮ್ಮ ಮನೆಯವರು ಇವನ ಕೈಯಲ್ಲಿ ಚೆನ್ನಾಗಿ ಕಾಣ್ತಾರಾ? ಧಾರೆಯ ಹೊತ್ತಿಗೆ ಇವನು ಸರಿಯಾದ ಜಾಗದಲ್ಲಿ ನಿಂತಿರ್ತಾನಾ? ಅವರಿಗೆ ನಿಮ್ಮ ಕಾಜಾಣದ ಫೋಟೋ ಏನಕ್ಕೂ ಬರುವುದಿಲ್ಲ. ಪತ್ರಿಕೆಯ ಸಂಪಾದಕರು ನೋಡುವುದು ಬೇರೆ. ಈ ಹುಡುಗಿಯನ್ನು ಒಂದು ಊರಿಗೆ ಕಳಿಸಿದರೆ ಆ ಊರನ್ನು ಹಿಡಿದು ತರ್ತಾಳಾ ಅಂತ. ಅವರ ಮುಂದೆ ಧಾರೆಯ ಫೋಟೋ ಇಟ್ಟರೂ ಉಪಯೋಗವಿಲ್ಲ.

ನನ್ನ ಹತ್ತಿರ ಎರಡು ಪೆಟ್ಟಿಗೆ ಇವೆ. ಒಂದರ ಫೋಟೋ ಇನ್ನೊಂದಕ್ಕೆ ಹೋಗುವುದಿಲ್ಲ.

ಎಷ್ಟು ಫೋಟೋ ಇರಬೇಕು?

ಹನ್ನೆರಡರಿಂದ ಇಪ್ಪತ್ತು. ಇಪ್ಪತ್ತು ದಾಟಿದರೆ ನೋಡುವವರು ಪುಟ ತಿರುಗಿಸುವ ವೇಗ ಜಾಸ್ತಿ ಆಗುತ್ತದೆ. ನೀವೇ ಗಮನಿಸಿ ನೋಡಿ.

ಕಡಿಮೆ ಆಯ್ತು ಅನ್ನಿಸುತ್ತಾ? ಇಂಗ್ಲೆಂಡಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ 1853ರಲ್ಲಿ ಶುರುವಾದ ಸಂಸ್ಥೆ. ಅದರ ಮೊದಲ ಹಂತದ ಮನ್ನಣೆ ಎಲ್‌ಆರ್‌ಪಿಎಸ್. ನಮ್ಮ ಕಡೆಯವರೂ ಅದಕ್ಕೆ ಕಳಿಸುತ್ತಾರೆ. ಅಲ್ಲಿ ಕೇಳುವುದು ಹತ್ತೇ ಫೋಟೋ. ಮುಂದಿನ ಹಂತಕ್ಕೆ ಹದಿನೈದು. ಹತ್ತು ಫೋಟೋ ನೋಡಿ ಒಬ್ಬರ ಕೈ ಹೇಗಿದೆ ಅಂತ ಅವರು ಹೇಳುತ್ತಾರೆ ಅಂದಮೇಲೆ, ನಿಮ್ಮ ಅರವತ್ತು ಫೋಟೋ ಯಾಕೆ?

ಇನ್ನೂ ದೊಡ್ಡ ಲೆಕ್ಕ ಬೇಕಾದರೆ ಫೋಟೋಗ್ರಾಫರ್ ರಾಬರ್ಟ್ ಫ್ರಾಂಕ್. 1955-56ರಲ್ಲಿ ಅಮೆರಿಕ ಸುತ್ತಿ ಅವರು ತೆಗೆದದ್ದು 27,000ದಷ್ಟು ಫೋಟೋ. ಕೊನೆಗೆ ‘ದಿ ಅಮೆರಿಕನ್ಸ್’ ಅನ್ನುವ ಅವರ ಪುಸ್ತಕಕ್ಕೆ ಬಂದದ್ದು 83. ಅಂದರೆ ಸುಮಾರು ಮುನ್ನೂರಕ್ಕೆ ಒಂದು. ನಾವು ಒಂದು ಭಾನುವಾರ ಹೋಗಿ ನಾನೂರು ಕ್ಲಿಕ್ ಮಾಡಿ ಐವತ್ತು ‘ಚೆನ್ನಾಗಿ ಬಂದಿವೆ’ ಅಂತೀವಲ್ಲ!

ನನಗೆ ಯಾವುದನ್ನೂ ಬಿಡೋಕೆ ಮನಸ್ಸು ಬರಲ್ಲ. ಹೇಗೆ ಆರಿಸಲಿ?

ಯಾರಿಗೂ ಬರುವುದಿಲ್ಲ. ನನಗೆ ಆದದ್ದನ್ನು ಹೇಳುತ್ತೇನೆ.

ತುಂಬಾ ಹಿಂದೆ ಒಂದು ಪತ್ರಿಕೆಯ ಕಚೇರಿಗೆ ಅರವತ್ತೆರಡು ಪ್ರಿಂಟ್ ಹೊತ್ತುಕೊಂಡು ಹೋಗಿದ್ದೆ. ಒಬ್ಬರು ಹಿರಿಯರು ನೋಡಲು ಒಪ್ಪಿದ್ದರು. ಮೊದಲನೆಯ ಪ್ರಿಂಟ್ ಕೈಗೆ ತೆಗೆದುಕೊಂಡ ತಕ್ಷಣ ನಾನು ಶುರು ಮಾಡಿದೆ. ‘ಇದು ಕೊಡಚಾದ್ರಿ ಸರ್. ಬೆಳಗಿನ ಜಾವ ಮೂರಕ್ಕೆ ಎದ್ದು ಹತ್ತಿದ್ದು. ಮಳೆ ಬೇರೆ. ಜಿಗಣೆ ಕಾಟ...’ ಎರಡನೆಯದಕ್ಕೂ ಹೀಗೇ ಒಂದು ಕಥೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವರು ಕನ್ನಡಕ ತೆಗೆದು, ‘ಕೆಳಗೆ ಕ್ಯಾಂಟೀನ್ ಇದೆ, ಒಂದು ಕಾಫಿ ಕುಡಿದು ಬನ್ನಿ’ ಅಂದರು.

ಬಂದು ನೋಡಿದರೆ ಮೇಜಿನ ಮೇಲೆ ಎರಡು ಕಟ್ಟು. ಒಂದರಲ್ಲಿ ಹನ್ನೊಂದು ಪ್ರಿಂಟ್. ಉಳಿದ ಐವತ್ತೊಂದು ಇನ್ನೊಂದರಲ್ಲಿ, ಮಗುಚಿ ಇಟ್ಟಿದ್ದವು. ಕೊಡಚಾದ್ರಿ ಮಗುಚಿದ ಕಟ್ಟಿನಲ್ಲಿತ್ತು. ಮುಖ ಸಪ್ಪೆ ಮಾಡಿಕೊಂಡೆ ಅನ್ನಿಸುತ್ತೆ. ಅವರು ಪ್ರಿಂಟ್ ತೆಗೆದು ತೋರಿಸಿ, ‘ನೀವು ಬೆಟ್ಟ ಹತ್ತಿದ್ದು ಇದರಲ್ಲಿ ಎಲ್ಲಿದೆ, ತೋರಿಸಿ’ ಅಂದರು. ಇರಲಿಲ್ಲ. ಮಂಜು ಇತ್ತು, ಒಂದು ಮಂಟಪ ಇತ್ತು, ಅಷ್ಟೇ. ಜಿಗಣೆ ಕಚ್ಚಿದ್ದು ನನ್ನ ಕಾಲಿಗೆ, ಫೋಟೋಗಲ್ಲ.

ಅವತ್ತಿನಿಂದ ನಾನು ಮಾಡುವುದು ಹೀಗೆ. ಫೋಟೋ ತೆಗೆದ ಮೇಲೆ ಎರಡು ಮೂರು ತಿಂಗಳು ಸುಮ್ನೆ ಬಿಡುತ್ತೇನೆ. ಪಟ್ಟ ಕಷ್ಟ ಮರೆಯಬೇಕು. ಆಮೇಲೆ ಲ್ಯಾಬಿನಲ್ಲಿ 4x6 ಸೈಜಿನ ಸಣ್ಣ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡುತ್ತೇನೆ. ಒಂದೇ ವಿಷಯ ಹೇಳುವ ಎರಡು ಫೋಟೋ ಇದ್ದರೆ ಒಂದನ್ನು ಎತ್ತಿಬಿಡುತ್ತೇನೆ. ಇದರಲ್ಲೇ ಅರ್ಧ ಹೋಗುತ್ತದೆ. ಮಿಕ್ಕದ್ದರಲ್ಲಿ ಒಂದೊಂದನ್ನೂ ತೆಗೆದು, ಅದಿಲ್ಲದೆ ಏನಾದರೂ ಖಾಲಿ ಅನ್ನಿಸುತ್ತಾ ಅಂತ ನೋಡುತ್ತೇನೆ. ಅನ್ನಿಸದಿದ್ದರೆ ಅದು ವಾಪಸ್ ಬರುವುದಿಲ್ಲ.

ಮನೆಯವರನ್ನು ಕೇಳಬೇಡಿ. ಅಮ್ಮನಿಗೆ ನೀವು ತೆಗೆದದ್ದೆಲ್ಲ ಚಂದ. ನಿಮ್ಮ ಜೊತೆ ಅಲ್ಲಿಗೆ ಬಂದಿದ್ದ ಗೆಳೆಯನನ್ನೂ ಕೇಳಬೇಡಿ. ಅವನಿಗೆ ಅವತ್ತು ತಿಂದ ಕಡುಬೂ ಫೋಟೋದಲ್ಲಿ ಕಾಣುತ್ತಿರುತ್ತದೆ.

ಆರಿಸಿದ್ದಾಯ್ತು. ಯಾವ ಕ್ರಮದಲ್ಲಿ ಇಡಬೇಕು?

ಇದರಲ್ಲೇ ಅರ್ಧ ಮಾತು ಇರುವುದು. ಎರಡು ಫೋಟೋ ಅಕ್ಕಪಕ್ಕ ಬಂದಾಗ ಅವು ತಮ್ಮತಮ್ಮಲ್ಲೇ ಮಾತಾಡಲು ಶುರು ಮಾಡುತ್ತವೆ. ಆಮೇಲೆ ನೀವು ಬಾಯಿ ಹಾಕುವ ಕೆಲಸವಿಲ್ಲ.

ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಅಡಿಕೆ ಸುಗ್ಗಿ ತೆಗೆದಿದ್ದೆ. ಮೊದಲ ಸಲ ಕೆಲಸದ ಕ್ರಮದಲ್ಲೇ ಜೋಡಿಸಿದೆ. ಅಡಿಕೆ ಗೊನೆ ಕೊಯ್ಯುವುದು, ಹೊತ್ತು ತರುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಚೀಲಕ್ಕೆ ತುಂಬಿ ತೂಕ ಹಾಕುವುದು. ಎಲ್ಲ ಸರಿ ಇತ್ತು. ಆದರೆ ನೋಡಿದರೆ ಕೃಷಿ ಮೇಳದಲ್ಲಿ ಹಂಚುವ ಕೈಪಿಡಿಯ ಹಾಗಿತ್ತು. ಅಡಿಕೆ ಬೆಳೆಯುವವರಿಗೆ ಇದೆಲ್ಲ ಗೊತ್ತಿದೆ. ಬೆಳೆಯದವರಿಗೆ ಇಷ್ಟು ಬೇಕಾಗಿಲ್ಲ.

ಎರಡನೆಯ ಸಲ ರಾತ್ರಿಯಿಂದ ಶುರು ಮಾಡಿದೆ. ಅಂಗಳದಲ್ಲಿ ಒಂದೇ ಬಲ್ಬು. ಅದರ ಕೆಳಗೆ ಸಾಲಾಗಿ ಕೂತು ಅಡಿಕೆ ಸುಲಿಯುವ ಹೆಂಗಸರು. ಮುಖಗಳು ಕತ್ತಲಲ್ಲಿ. ಬೆಳಕು ಬಿದ್ದಿರುವುದು ಕೈ ಮೇಲೆ, ಮೆಟ್ಟುಗತ್ತಿಯ ಅಲಗಿನ ಮೇಲೆ. ಇದನ್ನು ನೋಡಿದವರಿಗೆ ಅಲ್ಲಿ ಏನು ನಡೀತಿದೆ ಅಂತ ತಕ್ಷಣ ಗೊತ್ತಾಗುವುದಿಲ್ಲ. ಪುಟ ತಿರುಗಿಸಬೇಕು ಅನ್ನಿಸುತ್ತದೆ. ಎರಡನೆಯದು ಹಗಲು. ಮರದ ತುದಿಯಲ್ಲಿ ಕೊನೆಗೌಡ, ಅಂದರೆ ಗೊನೆ ಕೊಯ್ಯುವವನು, ಕೆಳಗಿನಿಂದ ತೆಗೆದದ್ದು. ಆಕಾಶದ ಎದುರು ಇರುವೆಯಷ್ಟು ಕಾಣುತ್ತಾನೆ. ಕತ್ತಲಿಂದ ಒಂದೇ ಸಲ ಆ ಬೆಳಕಿಗೆ ಬಂದಾಗ ಕಣ್ಣು ಕಿರಿದಾಗುತ್ತದೆ. ಅದು ನನಗೆ ಬೇಕಿತ್ತು.

ಹಂಡೆಯ ಹಬೆಯ ಪಕ್ಕ ಬೆಳಗಿನ ತೋಟದ ಮಂಜು ಇಟ್ಟೆ. ಎರಡೂ ಬಿಳಿ. ಒಂದು ಸುಡುವ ಬಿಳಿ, ಇನ್ನೊಂದು ನಡುಗಿಸುವ ಬಿಳಿ. ತೂಕ ಹಾಕುವ ಫೋಟೋ ತೆಗೆದೇ ಹಾಕಿದೆ. ಕೊನೆಯದಾಗಿ ಅಡಿಕೆ ಒಣಗಿಸುವ ಅಟ್ಟ, ಖಾಲಿ. ಅಡಿಕೆಯನ್ನೆಲ್ಲ ಬಾಚಿಕೊಂಡು ಹೋದ ಮೇಲೆ ದಬ್ಬೆಗಳ ಮೇಲೆ ಉಳಿದಿದ್ದ ಕೆಂಪು ಕಲೆ. ಮನುಷ್ಯರು ಯಾರೂ ಇಲ್ಲ. ಹನ್ನೆರಡು ಫೋಟೋ, ಅಷ್ಟೇ.

ಒಂದು ಲೆಕ್ಕ ನೆನಪಿಡಿ. ಮೊದಲ ಫೋಟೋ ಗಟ್ಟಿ ಇರಬೇಕು. ಕೊನೆಯದು ಅದಕ್ಕಿಂತ ಗಟ್ಟಿ. ಮಧ್ಯದಲ್ಲಿ ಎಲ್ಲವೂ ಕೂಗಾಡುತ್ತಿದ್ದರೆ ಕಣ್ಣಿಗೆ ಸುಸ್ತಾಗುತ್ತದೆ. ಒಂದೆರಡು ತಣ್ಣಗಿನ ಫೋಟೋ ಇರಲಿ.

ಫೋಟೋಗಳೇ ಮಾತಾಡಬೇಕು ಅಂದ್ರೆ ಶೀರ್ಷಿಕೆ, ಅಡಿಬರಹ ಬೇಡವೇ ಬೇಡ್ವಾ?

ಬೇಕು. ಆದರೆ ನೀವು ಅಂದುಕೊಂಡದ್ದಲ್ಲ.

ನಮ್ಮಲ್ಲಿ ಕೆಲವು ಶೀರ್ಷಿಕೆಗಳು ಸಿದ್ಧವಾಗಿ ಇವೆ. ಮಗು ನಕ್ಕರೆ ‘ಮುಗ್ಧತೆ’. ಅಜ್ಜಿ ಕಟ್ಟೆ ಮೇಲೆ ಕೂತರೆ ‘ಬಾಳ ಮುಸ್ಸಂಜೆ’. ಕಮ್ಮಾರ, ಕುಂಬಾರ, ಚಪ್ಪಲಿ ಹೊಲಿಯುವವರು, ಯಾರು ಕೆಲಸ ಮಾಡುತ್ತಾ ಸಿಕ್ಕಿದರೂ ‘ಕಾಯಕವೇ ಕೈಲಾಸ’. ಬಸವಣ್ಣನವರ ಕಾಲದ ದೊಡ್ಡ ಮಾತನ್ನು ಹೀಗೆ ಬೆಲ್ಲದ ಹಾಗೆ ಎಲ್ಲದಕ್ಕೂ ಹಾಕಿದರೆ ಮಾತೂ ಕೆಡುತ್ತೆ, ಫೋಟೋನೂ ಕೆಡುತ್ತೆ.

ಅಡಿಕೆ ಸರಣಿಯಲ್ಲಿ ಒಂದು ಅಂಗೈ ಇದೆ. ಅಡಿಕೆ ಸುಲಿದು ಸುಲಿದು ಬೆರಳ ಗೆರೆಗಳಲ್ಲಿ ಕಪ್ಪು ಕೂತಿದೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದಾರೆ. ಅದಕ್ಕೆ ನಾನು ಮೊದಲು ‘ಬದುಕಿನ ಬವಣೆ’ ಅಂತ ಬರೆದಿದ್ದೆ. ಆ ಕೈಯವರಿಗೆ ಫೋಟೋ ಕೊಡಲು ಹೋದಾಗ ಅವರು ಓದಿ, ‘ಬವಣೆ ಎಂಥದ್ದು ಮಾರಾಯ್ರೆ, ನಾಲ್ಕು ದಿನಕ್ಕೆ ಹೋಗ್ತದೆ ಈ ಕಲೆ’ ಅಂತ ನಕ್ಕರು. ಈಗ ಅಲ್ಲಿರುವುದು ಇಷ್ಟು: ‘ಅಡಿಕೆ ಸುಲಿದ ಕೈ. ತೀರ್ಥಹಳ್ಳಿ ತಾಲ್ಲೂಕು, ಡಿಸೆಂಬರ್.’

ಕಣ್ಣಿಗೆ ಕಾಣುವುದನ್ನು ಬರೆಯಬೇಡಿ. ಏನು ಅನ್ನಿಸಬೇಕು ಅಂತಲೂ ಬರೆಯಬೇಡಿ. ಫೋಟೋ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಹೇಳಲಿಕ್ಕೆ ಆಗದ ವಿಷಯ ಇರುತ್ತದೆ. ಅದನ್ನು ಮಾತ್ರ ಬರೆಯಿರಿ. ಶರಾವತಿ ಹಿನ್ನೀರಿನಲ್ಲಿ ಬೇಸಿಗೆಗೆ ಒಂದು ಹಳೇ ಕಟ್ಟೆ ತಲೆ ಎತ್ತುತ್ತದೆ. ಫೋಟೋದಲ್ಲಿ ಅದು ಬರೀ ಕಲ್ಲು ಮತ್ತು ನೀರು. ‘ಮಡೆನೂರು ಅಣೆಕಟ್ಟು. 1964ರಲ್ಲಿ ಲಿಂಗನಮಕ್ಕಿ ಆದ ಮೇಲೆ ಮುಳುಗಿದ್ದು’ ಅಂತ ಒಂದು ಸಾಲು ಇದ್ದರೆ ನೋಡುವವರು ಇನ್ನೊಂದು ಸಲ ಫೋಟೋಗೆ ಹೋಗುತ್ತಾರೆ. ಅಣೆಕಟ್ಟಿನಲ್ಲೇ ಅಣೆಕಟ್ಟು ಮುಳುಗಿದ್ದು ಯಾವ ಲೆನ್ಸಿಗೂ ಕಾಣುವುದಿಲ್ಲ.

ಫ್ರಾಂಕ್ ಅವರ ಪುಸ್ತಕದ ವಿಷಯ ಹೇಳಿದೆನಲ್ಲ. ಅದು 1958ರಲ್ಲಿ ಮೊದಲು ಪ್ಯಾರಿಸ್‌ನಲ್ಲಿ ಬಂತು. ಆಗ ಫೋಟೋಗಳ ಎದುರು ಪುಟದಲ್ಲಿ ಅಮೆರಿಕದ ಬಗ್ಗೆ ಬೇರೆಬೇರೆಯವರ ಬರಹಗಳಿದ್ದವು. 1959ರಲ್ಲಿ ಅಮೆರಿಕದಲ್ಲಿ ಬಂದಾಗ ಆ ಬರಹಗಳನ್ನೆಲ್ಲ ತೆಗೆದರು. ಶುರುವಿಗೆ ಒಂದು ಮುನ್ನುಡಿ. ಆಮೇಲೆ ಒಂದು ಕಡೆ ಫೋಟೋ, ಇನ್ನೊಂದು ಕಡೆ ಬಿಳಿ ಹಾಳೆ, ಅದರಲ್ಲಿ ಚಿಕ್ಕದಾಗಿ ಒಂದು ಸಾಲು, ಹೆಚ್ಚಾಗಿ ಊರಿನ ಹೆಸರು. ಫೋಟೋಗಳು ಅವೇ. ಎದುರಿಗಿದ್ದ ಮಾತು ಹೋಯಿತು, ಅಷ್ಟೇ.

ಶುರುವಿನಲ್ಲಿ ಒಂದು ಟಿಪ್ಪಣಿ ಬರೆಯಬೇಕಂತೆ. ಎಷ್ಟು ಬರೆಯಲಿ?

ಐದಾರು ಸಾಲು. ಮೊದಲೇ ಹೇಳಿದ ಸೊಸೈಟಿಯ ಎರಡನೆಯ ಹಂತದಲ್ಲಿ ಹದಿನೈದು ಫೋಟೋ ಜೊತೆ ಬರಹವನ್ನೂ ಕೇಳುತ್ತಾರೆ. ಅದಕ್ಕೆ 150 ಪದದ ಮಿತಿ. ಎಲ್ಲಿ, ಯಾವಾಗ, ಯಾರನ್ನು, ಯಾಕೆ ಅಂತ ಹೇಳಿ ಮುಗಿಸಿ. ‘ಬಾಲ್ಯದಿಂದಲೂ ನನಗೆ ಫೋಟೋಗ್ರಫಿ ಎಂದರೆ’ ಅಂತ ಶುರುವಾದರೆ ನಾನಂತೂ ಪುಟ ತಿರುಗಿಸಿಬಿಡುತ್ತೇನೆ.

ಎದುರಿಗೆ ಕೂತು ತೋರಿಸುವಾಗ ಸುಮ್ಮನಿದ್ದರೆ ಅಹಂಕಾರ ಅನ್ಕೊಳ್ಳಲ್ವಾ?

ಇಲ್ಲ. ನಮಸ್ಕಾರ ಹೇಳಿ. ‘ಇವು ಹನ್ನೆರಡು ಫೋಟೋ, ಅಡಿಕೆ ಸುಗ್ಗಿಯವು’ ಅನ್ನಿ. ಪೆಟ್ಟಿಗೆಯನ್ನು ಅವರ ಕಡೆ ತಿರುಗಿಸಿ ಇಟ್ಟು ಕೈ ಹಿಂದೆ ತೆಗೆದುಕೊಳ್ಳಿ. ಪುಟ ಅವರೇ ತಿರುಗಿಸಲಿ. ಇದು ಬಹಳ ಮುಖ್ಯ. ನೀವು ತಿರುಗಿಸಿದರೆ ನಿಮ್ಮ ವೇಗ, ಅವರು ತಿರುಗಿಸಿದರೆ ಅವರದ್ದು.

ಎರಡು ನಿಮಿಷದ ಆ ಮೌನ ತಡೆಯೋದು ಕಷ್ಟ. ಫ್ಯಾನಿನ ಸದ್ದೂ ಜೋರಾಗಿ ಕೇಳುತ್ತದೆ. ‘ಇದಕ್ಕೆ ಲೈಟ್ ಸ್ವಲ್ಪ ಕಡಿಮೆ ಆಯ್ತು ಸರ್’ ಅಂತ ಬಾಯಿಗೆ ಬರುತ್ತದೆ. ನುಂಗಿಕೊಳ್ಳಿ. ಅವರಿಗೆ ಕಾಣದೇ ಇದ್ದ ತಪ್ಪನ್ನು ನೀವೇ ತೋರಿಸಿಕೊಡಬೇಡಿ. ನಿಜವಾಗಿ ಲೈಟ್ ಕಡಿಮೆ ಇದ್ದರೆ ಆ ಫೋಟೋ ಯಾಕೆ ತಂದಿರಿ?

ಅವರು ಕೇಳಿದರೆ ಧಾರಾಳವಾಗಿ ಮಾತಾಡಿ. ಕೇಳಿದ ಮೇಲೆ ಹೇಳುವ ಕಥೆಗೇ ಬೆಲೆ. ಆಗ ಬೇಕಾದರೆ ಜಿಗಣೆಯನ್ನೂ ಸೇರಿಸಿ.

ಪ್ರಿಂಟ್ ಬೇಕಾ, ಫೋನಲ್ಲಿ ತೋರಿಸಿದರೆ ಸಾಕಾ?

ಫೋನ್ ಬೇಡ. ಒಬ್ಬ ಹುಡುಗ ಫೋನಲ್ಲೇ ತೋರಿಸುತ್ತಿದ್ದ. ಒಳ್ಳೆಯ ಫೋಟೋ, ಕೆರೆಯ ಮೇಲೆ ಸಂಜೆ ಬೆಳಕು. ಆಕಾಶದ ಜಾಗದಲ್ಲಿ ಅವನ ಅಮ್ಮನ ಮೆಸೇಜ್ ಬಂತು: ‘ಅಕ್ಕಿ ತರೋದು ಮರೀಬೇಡ’. ಆಮೇಲೆ ನನಗೆ ಆ ಕೆರೆ ಕಾಣಲೇ ಇಲ್ಲ. ಟ್ಯಾಬ್ ಪರವಾಗಿಲ್ಲ, ನೆಟ್ ಬಂದ್ ಮಾಡಿ.

ಪ್ರಿಂಟ್ ಆದರೆ 8x12 ಇಂಚು ಕೈಗೆ ಸರಿ. ಗೋಡೆಗೆ 12x18. ಬಹಳಷ್ಟು ಕ್ಯಾಮೆರಾಗಳ ಫೋಟೋ 3:2 ಅಳತೆಯಲ್ಲಿ ಬರುವುದರಿಂದ ಈ ಎರಡರಲ್ಲೂ ಏನೂ ಕತ್ತರಿಸಿ ಹೋಗುವುದಿಲ್ಲ. 8x10, 12x15 ಹಾಕಿಸಿದರೆ ಅಂಚು ಹೋಗುತ್ತದೆ. ಲ್ಯಾಬಿನವರು ಕೇಳದೇ ಕತ್ತರಿಸುತ್ತಾರೆ. ನನ್ನದೊಂದು ಜಾತ್ರೆಯ ಫೋಟೋದಲ್ಲಿ ಬಲಗಡೆ ತುದಿಗೆ ಬಲೂನ್ ಹಿಡಿದ ಹುಡುಗನಿದ್ದ. ಪ್ರಿಂಟ್ ಬಂದಾಗ ಬಲೂನ್ ಇತ್ತು, ಹುಡುಗ ಇರಲಿಲ್ಲ.

12x18ಕ್ಕೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 5400x3600 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ 6000x4000 ಕೊಡುತ್ತದೆ, ಸಾಕು. ತುಂಬಾ ಕ್ರಾಪ್ ಮಾಡಿದ್ದರೆ ಮಾತ್ರ ಯೋಚನೆ ಮಾಡಿ. ಕಾಗದ ಮ್ಯಾಟ್ ಇರಲಿ. ಗ್ಲಾಸಿಯಲ್ಲಿ ಕಚೇರಿಯ ಟ್ಯೂಬ್‌ಲೈಟ್ ಕಾಣುತ್ತದೆ, ನಿಮ್ಮ ಫೋಟೋ ಅಲ್ಲ. ಸುತ್ತ ಬಿಳಿ ಅಂಚು ಬಿಡಿಸಿ, ಬೆರಳಿಡಲು ಜಾಗ ಇರುತ್ತದೆ.

ಮದುವೆಯವರಿಗೆ ಕರಿಜ್ಮಾ, ಅಂದರೆ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಪ್ರಿಂಟ್ ಹಾಕಿಸಿದ ಆಲ್ಬಮ್, ತೋರಿಸಿದರೆ ನಡೆಯುತ್ತದೆ. ಆದರೆ ಪುಟದ ಹಿಂದೆ ಹೂಬಳ್ಳಿ, ಚಿಟ್ಟೆ, ಹೃದಯ ಹಾಕುವ ಆ ಟೆಂಪ್ಲೇಟ್ ಬಿಡಿ. ನಾನೂ ವರ್ಷಗಟ್ಟಲೆ ಹಾಕಿದ್ದೇನೆ, ಹೊಟ್ಟೆಪಾಡು. ಧಾರೆ ಎರೆಯುವಾಗ ಅಪ್ಪ ತುಟಿ ಕಚ್ಚಿ ಅಳು ತಡೆಯುತ್ತಿರುವ ಫೋಟೋದ ಪಕ್ಕ ಚಿಟ್ಟೆ ಹಾರಿಸಿದ್ದು ಈಗ ನೋಡಿದರೆ ನಾಚಿಕೆಯಾಗುತ್ತದೆ.

ಕಲರ್ ಮತ್ತು ಕಪ್ಪುಬಿಳುಪು ಬೆರೆಸಬಹುದಾ?

ಒಂದು ಸರಣಿಯಲ್ಲಿ ಬೇಡ. ಕಲರ್ ಸರಿ ಬರಲಿಲ್ಲ ಅಂತ ಕಪ್ಪುಬಿಳುಪು ಮಾಡಿದ್ದು ನೋಡುವವರಿಗೆ ಗೊತ್ತಾಗುತ್ತದೆ.

ಕಂಬಳ, ಹಂಪಿ, ಕರಗ ಎಲ್ಲರೂ ತೆಗೀತಾರೆ. ನಾನು ಇಡಬಹುದಾ?

ಇಡಬಹುದು, ಬೇರೆ ಕಡೆಯಿಂದ ನೋಡಿದ್ದರೆ. ಕೆಸರು ನೀರು ಚಿಮ್ಮುತ್ತಾ ಕೋಣಗಳು ಎದುರಿಗೆ ಬರುವ ಫೋಟೋ ನನಗೆ ತಿಂಗಳಿಗೆ ನಾಲ್ಕಾದರೂ ಬರುತ್ತದೆ. ಹೆಸರು ಮುಚ್ಚಿದರೆ ಯಾರದ್ದು ಅಂತ ಹೇಳಲಾಗುವುದಿಲ್ಲ. ಆದರೆ ಒಬ್ಬ ಹುಡುಗಿ ಓಟ ಮುಗಿದ ಮೇಲಿನದ್ದು ತಂದಿದ್ದಳು. ಓಡಿಸಿದವನು ಗದ್ದೆಯ ಅಂಚಿನಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ಯಾರೋ ಕೋಣದ ಮುಖ ಒರೆಸುತ್ತಿದ್ದಾರೆ. ಅವನ ಮುಖ ಒರೆಸಲು ಯಾರೂ ಇಲ್ಲ. ಅವಳು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ತುಂಬಾ ಹೊತ್ತು ನೋಡಿದೆ.

ಎಲ್ಲ ಥರದ್ದೂ ತೆಗೆಯಬಲ್ಲೆ ಅಂತ ತೋರಿಸೋದು ಒಳ್ಳೇದಲ್ವಾ?

ತೆಗೆಯುವುದು ಎಲ್ಲ ಥರದ್ದು, ತೋರಿಸುವುದು ಒಂದು ಥರದ್ದು. ಮೈಸೂರಿನ ಟಿ.ಎಸ್. ಸತ್ಯನ್ ದಶಕಗಟ್ಟಲೆ ದೇಶ ಸುತ್ತಿ ಏನೇನೋ ತೆಗೆದವರು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಅವರ ಫೋಟೋಗಳ ಪ್ರದರ್ಶನವಾಯಿತು. ಅಲ್ಲಿದ್ದದ್ದು ಮಕ್ಕಳ ಫೋಟೋ.

ದುಡ್ಡು ತಗೊಂಡು ತೆಗೆದ ಮದುವೆ ಫೋಟೋ ನನ್ನದೇ ತಾನೇ? ಹಾಕಬಹುದಲ್ವಾ?

ನಿಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ಹೇಳಿ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದು. ಬೇರೆ ಥರ ಒಪ್ಪಂದ ಇದ್ದರೆ ಮಾತ್ರ ನಿಮ್ಮದು. ನಮ್ಮಲ್ಲಿ ಬಹಳ ಜನ ಇದನ್ನು ಉಲ್ಟಾ ತಿಳಿದಿದ್ದಾರೆ. ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಕಾಗದದಲ್ಲಿ ಒಂದು ಸಾಲು ಬರೆಸಿ, ಸಹಿ ಹಾಕಿಸಿ. ಕಾಯ್ದೆ ಬಿಡಿ, ಕೇಳದೇ ಹಾಕಿದರೆ ಊರಲ್ಲಿ ಇನ್ನೊಂದು ಮದುವೆ ಸಿಗುವುದಿಲ್ಲ. ಮಕ್ಕಳ ಫೋಟೋ ಆದರೆ ಅಪ್ಪ ಅಮ್ಮನನ್ನು ಕೇಳದೆ ಮುಟ್ಟಲೇಬೇಡಿ.

ವಾಟರ್‌ಮಾರ್ಕ್? ಕ್ಯಾಮೆರಾ, ಲೆನ್ಸ್ ವಿವರ?

ಎರಡೂ ಬೇಡ. ಊಟ ಬಡಿಸುವಾಗ ಸೌಟಿನ ಕಂಪನಿ ಹೇಳ್ತೀವಾ?

ಒಳ್ಳೆಯ ಫೋಟೋ ಎಲ್ಲಿ ನೋಡೋದು?

ಬೆಂಗಳೂರಿಗೆ ಹೋದಾಗ ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರದ ಮ್ಯೂಸಿಯಂ ಇದೆ, ಎಲ್ಲರೂ ಮ್ಯಾಪ್ ಅಂತಾರೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳಿಗೂ ಒಂದು ಸುತ್ತು ಹಾಕಿ. ಫೋಟೋ ನೋಡಿದ ಹಾಗೇ ಎರಡು ಫೋಟೋ ನಡುವೆ ಎಷ್ಟು ಗೋಡೆ ಖಾಲಿ ಬಿಟ್ಟಿದ್ದಾರೆ ಅಂತಲೂ ನೋಡಿ ಬನ್ನಿ.

ತೋರಿಸಿದೆ. ‘ಚೆನ್ನಾಗಿದೆ’ ಅಂದರು, ಅಷ್ಟೇ. ಏನರ್ಥ?

ಏನೂ ಇಲ್ಲ. ‘ಒಂದ್ಸಲ ಮನೆ ಕಡೆ ಬನ್ನಿ’ ಅನ್ನುತ್ತೀವಲ್ಲ, ಹಾಗೆ. ಅವರ ಬಾಯಿ ನೋಡಬೇಡಿ, ಕೈ ನೋಡಿ. ಯಾವ ಪುಟದಲ್ಲಿ ಕೈ ನಿಂತಿತು? ಯಾವುದಕ್ಕೆ ವಾಪಸ್ ಬಂದರು? ಯಾವುದನ್ನು ಎತ್ತಿ ಕಿಟಕಿ ಕಡೆ ಹಿಡಿದರು?

ನಾನು ಹೊರಗೆ ಬಂದ ಮೇಲೆ ಆ ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತೇನೆ. ವರ್ಷಕ್ಕೊಂದು ಸಲ ಚುಕ್ಕೆ ಎಣಿಸಿ, ಒಂದೂ ಇಲ್ಲದ್ದನ್ನು ತೆಗೆದು ಹೊಸದು ಹಾಕುವುದು ಅಂತ ನಿಯಮ ಮಾಡಿಕೊಂಡಿದ್ದೇನೆ. ಅಡಿಕೆ ಪೆಟ್ಟಿಗೆಯಲ್ಲಿ ಆ ಅಂಗೈಯ ಹಿಂದೆ ಒಂಬತ್ತು ಚುಕ್ಕೆ ಇವೆ. ಹಬೆಯ ಪಕ್ಕದ ಮಂಜಿನ ಫೋಟೋ ನನಗೆ ಜೀವ. ಅದರ ಹಿಂದೆ ಒಂದೂ ಇಲ್ಲ. ಮೂರು ವರ್ಷ ಆಯ್ತು, ಇನ್ನೂ ತೆಗೆದಿಲ್ಲ.